ಆಕಾಶದಲ್ಲಿ ಪಾಠ ಹೇಳಲು ಹೊರಟ ಟೀಚರಮ್ಮ: ಕ್ರಿಸ್ಟಾ ಮೆಕಾಲಿಫ್



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಈ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡರು. ಹಸು ಸಾಕಾಣಿಕೆ, ಮೇವು, ಸಂಘದ ಲೆಕ್ಕಪತ್ರ ಇವುಗಳ ಬಗ್ಗೆ ಬರೆಯಲು ನಮಗಿಂತ ತಿಳಿದವರು ಇದ್ದಾರೆ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ತನಕ. ಆಮೇಲಿನ ಬದುಕೆಲ್ಲ ಹೊಲ, ಕೊಟ್ಟಿಗೆ, ಡೈರಿ ಇಷ್ಟರಲ್ಲೇ ಕಳೆದಿದೆ. ಆದರೂ ಮಹನೀಯರ ಜೀವನ ಚರಿತ್ರೆ ಓದುವ ಅಭ್ಯಾಸ ಮೊದಲಿಂದಲೂ ಇದೆ. ಹಾಗೆ ಓದಿ ತಿಳಿದುಕೊಂಡ ಒಬ್ಬ ಶಾಲಾ ಶಿಕ್ಷಕಿಯ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ. ಆಕೆ ಅಮೆರಿಕ ದೇಶದವರು. ಹೆಸರು ಕ್ರಿಸ್ಟಾ ಮೆಕಾಲಿಫ್. ಆಕೆ ತೀರಿಕೊಂಡದ್ದು 1986ರಲ್ಲಿ.

ಅಮೆರಿಕದ ಟೀಚರಮ್ಮನಿಗೂ ಕೆ.ಆರ್. ಪುರಂ ಸೀಮೆಯ ಹಾಲಿನ ಡೈರಿಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ. ಆಕೆ ಹತ್ತಿದ ವಾಹನಕ್ಕೂ ನಮ್ಮ ಊರುಗಳಿಗೂ ಒಂದು ನಂಟಿತ್ತು. ಅದಕ್ಕಿಂತ ಮುಖ್ಯವಾಗಿ, ಆಕೆಯ ಸಾವಿಗೆ ಕಾರಣವಾದ ತಪ್ಪು ನಡೆದದ್ದು ಒಂದು ಸಭೆಯಲ್ಲಿ. ತಿಂಗಳಿಗೊಂದು ಸಭೆ ಮಾಡುವ ನಮ್ಮಂಥ ಸಂಘದವರು ಅದನ್ನು ತಿಳಿದುಕೊಳ್ಳಲೇಬೇಕು.

ಹುಟ್ಟು ಮತ್ತು ವಿದ್ಯಾಭ್ಯಾಸ

ಕ್ರಿಸ್ಟಾ ಹುಟ್ಟಿದ್ದು 1948ರ ಸೆಪ್ಟೆಂಬರ್ 2ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ತವರಿನ ಮನೆತನದ ಹೆಸರು ಕಾರಿಗನ್. ತಂದೆ ಲೆಕ್ಕಪತ್ರದ ಕೆಲಸದಲ್ಲಿದ್ದವರು. ಐದು ಜನ ಮಕ್ಕಳಲ್ಲಿ ಈಕೆಯೇ ಹಿರಿಯ ಮಗಳು. ಹಿರಿಯ ಮಗಳಾದವಳಿಗೆ ಮನೆಯಲ್ಲಿ ಏನೇನು ಜವಾಬ್ದಾರಿ ಬೀಳುತ್ತದೆ ಎಂಬುದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಬೆಳೆದದ್ದು ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ಅಲ್ಲಿಯ ಸರ್ಕಾರಿ ಕಾಲೇಜಿನಲ್ಲೇ ಓದಿ 1970ರಲ್ಲಿ ಪದವಿ ಪಡೆದರು. ಓದಿದ್ದು ಶಿಕ್ಷಣ ಮತ್ತು ಇತಿಹಾಸ.

ಆಕೆ ಸ್ಕೂಲಿನಲ್ಲಿದ್ದ ಕಾಲಕ್ಕೇ ಮನುಷ್ಯ ಮೊಟ್ಟಮೊದಲು ಅಂತರಿಕ್ಷಕ್ಕೆ ಹೋಗಿದ್ದು. 1961ರ ಏಪ್ರಿಲ್‌ನಲ್ಲಿ ರಷ್ಯಾದ ಯೂರಿ ಗಗಾರಿನ್ ಹೋಗಿಬಂದರು. ಮುಂದಿನ ತಿಂಗಳೇ ಅಮೆರಿಕದ ಅಲನ್ ಶೆಪರ್ಡ್ ಹೋದರು. ಆಗ ಕ್ರಿಸ್ಟಾಗೆ ಹನ್ನೆರಡು ವರ್ಷ. ಆ ಕಾಲದಲ್ಲಿ ಅಲ್ಲಿ ಗಗನಯಾತ್ರೆಗೆ ಆರಿಸುತ್ತಿದ್ದದ್ದು ಯುದ್ಧ ವಿಮಾನ ಓಡಿಸುವ ಗಂಡಸರನ್ನು ಮಾತ್ರ. ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಆದ್ದರಿಂದ ಆ ಹುಡುಗಿಯ ಆಸೆ ಮನಸ್ಸಿನಲ್ಲೇ ಉಳಿಯಿತು.

ಓದು ಮುಗಿದ ವರ್ಷವೇ ಹೈಸ್ಕೂಲಿನ ಕಾಲದಿಂದ ಪರಿಚಯವಿದ್ದ ಸ್ಟೀವನ್ ಮೆಕಾಲಿಫ್ ಅವರನ್ನು ಮದುವೆಯಾದರು. ಗಂಡ ಲಾ ಓದಿ ವಕೀಲರಾದರು. ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಮೇರಿಲ್ಯಾಂಡ್ ಎಂಬ ರಾಜ್ಯದಲ್ಲಿ ಎಂಟು ವರ್ಷ ಟೀಚರ್ ಕೆಲಸ ಮಾಡುತ್ತಲೇ 1978ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಆಮೇಲೆ ಸಂಸಾರ ಸಮೇತ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾಂಕರ್ಡ್ ಎಂಬ ಊರಿಗೆ ಬಂದರು. ಹೆಸರಿಗೆ ಅದು ರಾಜಧಾನಿ. ಆದರೆ ಆಗ ಅಲ್ಲಿದ್ದ ಜನ 30 ಸಾವಿರದಷ್ಟು ಮಾತ್ರ. ಅಲ್ಲಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾದರು. ಬೆಳಗ್ಗೆ ಸ್ಕೂಲು, ಸಂಜೆ ಮನೆ ಮಕ್ಕಳು, ನಡುವೆ ಊರಿನ ನಾಲ್ಕು ಕೆಲಸ. ನಮ್ಮ ಕಡೆ ಯಾವ ಟೀಚರಮ್ಮನ ದಿನಚರಿ ನೋಡಿದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಸಾಮಾನ್ಯರ ಇತಿಹಾಸ

ಈ ಟೀಚರಮ್ಮ ಪಾಠ ಮಾಡುತ್ತಿದ್ದ ರೀತಿಯಲ್ಲಿ ಒಂದು ವಿಶೇಷವಿತ್ತು. ಇತಿಹಾಸ ಅಂದರೆ ರಾಜರು, ಯುದ್ಧ, ಇಸವಿ ಇಷ್ಟೇ ಅಂತ ನಾವೆಲ್ಲ ಬಾಯಿಪಾಠ ಮಾಡಿದವರು. ಈಕೆಯ ತಿಳುವಳಿಕೆಯೇ ಬೇರೆ. ಹೊಲ ಉತ್ತವರು, ಬಟ್ಟೆ ಹೊಲಿದವರು, ಮಕ್ಕಳನ್ನು ಸಾಕಿದ ಹೆಂಗಸರು, ವಲಸೆ ಹೋದ ಬಡವರು ಇವರೆಲ್ಲ ಬದುಕಿದ ಬದುಕೂ ದೇಶದ ಇತಿಹಾಸವೇ ಎಂದು ಮಕ್ಕಳಿಗೆ ತೋರಿಸಿಕೊಡುತ್ತಿದ್ದರು. ಹಳೆಯ ಕಾಲದ ಹೆಂಗಸರು ಬರೆದಿಟ್ಟ ದಿನಚರಿ, ಕಾಗದಪತ್ರಗಳನ್ನು ಕ್ಲಾಸಿನಲ್ಲಿ ಓದಿಸುತ್ತಿದ್ದರು. ಅಮೆರಿಕದ ಹೆಂಗಸರ ಚರಿತ್ರೆಯ ಬಗ್ಗೆ ತಾವೇ ಒಂದು ಪಠ್ಯಕ್ರಮವನ್ನು ಸಿದ್ಧ ಮಾಡಿದರು. ಕಾನೂನಿನ ಪಾಠವಿದ್ದರೆ ಮಕ್ಕಳನ್ನು ಕರೆದುಕೊಂಡು ಕೋರ್ಟಿಗೇ ಹೋಗುವರು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ನೋಡಿದರೆ ಮರೆಯುವುದಿಲ್ಲ ಎಂಬುದು ಆಕೆಯ ನಂಬಿಕೆ.

ಹನ್ನೊಂದು ಸಾವಿರದಲ್ಲಿ ಒಬ್ಬರು

1984ರ ಆಗಸ್ಟ್ 27ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಒಂದು ಘೋಷಣೆ ಮಾಡಿದರು. ಸೈನ್ಯದವರೂ ವಿಜ್ಞಾನಿಗಳೂ ಅಲ್ಲದ ಸಾಮಾನ್ಯ ಪ್ರಜೆಯೊಬ್ಬರನ್ನು ಅಂತರಿಕ್ಷಕ್ಕೆ ಕಳಿಸುವುದು, ಆ ಮೊದಲ ಪ್ರಜೆ ಒಬ್ಬ ಶಾಲಾ ಶಿಕ್ಷಕರೇ ಆಗಿರಬೇಕು ಎಂದು. ಈ ಯೋಜನೆಯನ್ನು ನಡೆಸುವ ಜವಾಬ್ದಾರಿ ನಾಸಾ ಸಂಸ್ಥೆಗೆ ಬಿತ್ತು. ಹೋಗಬೇಕಾದ ವಾಹನ ಸ್ಪೇಸ್ ಷಟಲ್. ರಾಕೆಟ್ಟಿನ ಹಾಗೆ ಮೇಲೆ ಹೋಗಿ, ಬರುವಾಗ ವಿಮಾನದ ಹಾಗೆ ಇಳಿಯುವ ವಾಹನ ಅದು.

ದೇಶದ ತುಂಬಾ ಸುಮಾರು 11 ಸಾವಿರ ಟೀಚರುಗಳು ಅರ್ಜಿ ಹಾಕಿದರು. ಕ್ರಿಸ್ಟಾ ಕೂಡ ಹಾಕಿದರು. ತಮ್ಮ ಅರ್ಜಿಯಲ್ಲಿ ಅವರು ಬರೆದದ್ದು ಬಹಳ ಸರಳವಾದ ವಿಚಾರ. ಹಿಂದೆ ಎತ್ತಿನ ಗಾಡಿಯಂಥ ಕಮಾನು ಗಾಡಿಗಳಲ್ಲಿ ಸಂಸಾರ ಕಟ್ಟಿಕೊಂಡು ಹೊಸ ಸೀಮೆಗೆ ಹೋದ ಹೆಂಗಸರು ದಾರಿಯಲ್ಲಿ ದಿನಚರಿ ಬರೆದಿಟ್ಟರು. ಆ ದಿನಚರಿಗಳಿಂದಲೇ ಆ ಕಾಲ ಹೇಗಿತ್ತು ಅಂತ ನಮಗೆ ತಿಳಿಯುವುದು. ಅದೇ ರೀತಿ ತಾವೂ ತರಬೇತಿಯ ದಿನಗಳಿಂದ ಹಿಡಿದು ವಾಪಸು ಬರುವ ತನಕ ದಿನಚರಿ ಬರೆಯುತ್ತೇವೆ, ಅಂತರಿಕ್ಷದ ಪ್ರಯಾಣ ಒಬ್ಬ ಸಾಮಾನ್ಯ ಮನುಷ್ಯರ ಕಣ್ಣಿಗೆ ಹೇಗೆ ಕಂಡಿತು ಅಂತ ಜನಕ್ಕೆ ಗೊತ್ತಾಗಲಿ ಎಂಬುದು ಅದರ ಸಾರಾಂಶ.

ಅರ್ಜಿಗಳಲ್ಲಿ ಸೋಸಿ 114 ಜನರನ್ನು ಆರಿಸಿದರು. ಅವರಲ್ಲಿ ಹತ್ತು ಜನ ಉಳಿದರು. ಆ ಹತ್ತು ಜನರನ್ನು ಹ್ಯೂಸ್ಟನ್ ನಗರಕ್ಕೆ ಕರೆಸಿ ವೈದ್ಯಕೀಯ ಪರೀಕ್ಷೆ ಮಾಡಿದರು. ದೇಹದ ಭಾರವೇ ಇಲ್ಲದ ಹಾಗೆ ತೇಲಾಡುವ ಅನುಭವಕ್ಕಾಗಿ ವಿಮಾನದಲ್ಲಿ ಮೇಲೆ ಕೆಳಗೆ ಹಾರಿಸಿ ನೋಡಿದರು. ಕೊನೆಗೆ 1985ರ ಜುಲೈ 19ರಂದು ಉಪಾಧ್ಯಕ್ಷ ಜಾರ್ಜ್ ಬುಷ್ ಅವರು ಕ್ರಿಸ್ಟಾ ಹೆಸರನ್ನು ಪ್ರಕಟಿಸಿದರು. ಅಕಸ್ಮಾತ್ ಆಕೆಗೆ ಹೋಗಲು ಆಗದಿದ್ದರೆ ಬದಲಿಗೆ ಇರಲಿ ಎಂದು ಐಡಹೋ ರಾಜ್ಯದ ಬಾರ್ಬರಾ ಮಾರ್ಗನ್ ಎಂಬ ಪ್ರಾಥಮಿಕ ಶಾಲಾ ಟೀಚರನ್ನೂ ಆರಿಸಿದರು.

ಸ್ಕೂಲಿಗೆ ಒಂದು ವರ್ಷ ರಜೆ ಹಾಕಿ, ಮಕ್ಕಳನ್ನು ಗಂಡನ ಹತ್ತಿರ ಬಿಟ್ಟು, ಸೆಪ್ಟೆಂಬರಿನಲ್ಲಿ ಕ್ರಿಸ್ಟಾ ತರಬೇತಿಗೆ ಹೋದರು. ಆಗ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ಅಂತರಿಕ್ಷದಿಂದ ನೇರವಾಗಿ ಟಿ.ವಿ. ಮೂಲಕ ಎರಡು ಪಾಠ ಮಾಡುವುದೆಂದು ಗೊತ್ತಾಗಿತ್ತು. ಒಂದು ಪಾಠದಲ್ಲಿ ವಾಹನವನ್ನೆಲ್ಲಾ ಸುತ್ತಿ ತೋರಿಸಿ ಅಲ್ಲಿ ಹೇಗೆ ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ, ಏನು ಕೆಲಸ ಮಾಡುತ್ತಾರೆ ಅಂತ ಹೇಳುವುದು. ಇನ್ನೊಂದರಲ್ಲಿ ಮನುಷ್ಯ ಅಂತರಿಕ್ಷಕ್ಕೆ ಯಾಕೆ ಹೋಗಬೇಕು ಅಂತ ವಿವರಿಸುವುದು. ಇದರ ಜೊತೆಗೆ ಅಯಸ್ಕಾಂತ, ನ್ಯೂಟನ್ನಿನ ನಿಯಮಗಳು, ಮಣ್ಣಿಲ್ಲದೆ ನೀರಿನಲ್ಲಿ ಗಿಡ ಬೆಳೆಸುವುದು ಮುಂತಾದ ಸಣ್ಣ ಪ್ರಯೋಗಗಳನ್ನು ಚಿತ್ರೀಕರಿಸಿ ತರಬೇಕಾಗಿತ್ತು.

ಆ ವಾಹನಕ್ಕೂ ನಮಗೂ ಇದ್ದ ನಂಟು

ಆಕೆ ಹೋಗಬೇಕಾಗಿದ್ದ ಷಟಲ್ಲಿನ ಹೆಸರು ಚಾಲೆಂಜರ್. ನಮ್ಮ ಓದುಗರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. 1983ರ ಆಗಸ್ಟ್ 30ರಂದು ನಮ್ಮ ದೇಶದ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತುಕೊಂಡು ಮೇಲೆ ಹೋದದ್ದು ಇದೇ ಚಾಲೆಂಜರ್. ಆ ಉಪಗ್ರಹವನ್ನು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುತ್ತಿದ್ದರು. ದೇಶದ ಮೂಲೆಮೂಲೆಗೆ ದೂರದರ್ಶನ ಬಂದದ್ದು, 1987ರಲ್ಲಿ ಭಾನುವಾರ ಬೆಳಗ್ಗೆ ಊರೆಲ್ಲ ಒಂದೇ ಟಿ.ವಿ. ಮುಂದೆ ಕೂತು ರಾಮಾಯಣ ಧಾರಾವಾಹಿ ನೋಡಿದ್ದು, ಹವಾಮಾನದ ಚಿತ್ರ ಸಿಕ್ಕಿದ್ದು ಇವಕ್ಕೆಲ್ಲ ಆ ಉಪಗ್ರಹವೇ ಆಸರೆ. ಹೀಗೆ ನೋಡಿದರೆ ಚಾಲೆಂಜರಿನ ಋಣ ನಮ್ಮ ಮೇಲೂ ಇದೆ.

ಇನ್ನೊಂದು ವಿಚಾರ. ಕ್ರಿಸ್ಟಾ ತರಬೇತಿಯಲ್ಲಿದ್ದ ಕಾಲಕ್ಕೇ ನಮ್ಮ ಇಸ್ರೋ ಸಂಸ್ಥೆಯಿಂದ ಇಬ್ಬರು ಇಂಜಿನಿಯರುಗಳನ್ನು ಷಟಲ್ ಪ್ರಯಾಣಕ್ಕೆ ಆರಿಸಿದ್ದರು. ಒಬ್ಬರು ಕೇರಳದ ಪಿ. ರಾಧಾಕೃಷ್ಣನ್, ಇನ್ನೊಬ್ಬರು ನಮ್ಮ ಕರ್ನಾಟಕದ ಎನ್.ಸಿ. ಭಟ್. ಇನ್ಸಾಟ್-1ಸಿ ಉಪಗ್ರಹವನ್ನು ಬಿಡುವಾಗ ಇವರಿಬ್ಬರಲ್ಲಿ ಒಬ್ಬರು 1986ರಲ್ಲಿ ಜೊತೆಗೆ ಹೋಗಬೇಕಾಗಿತ್ತು.

ನಮ್ಮ ಬೆಂಗಳೂರಿನ ಪೂರ್ವ ಭಾಗಕ್ಕೂ ಗಗನಯಾತ್ರೆಗೂ ಹಳೆಯ ಬಾಂಧವ್ಯ ಇದೆ. ಹಳೇ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿ ವಾಯುಪಡೆಯ ವೈದ್ಯಕೀಯ ಸಂಸ್ಥೆಯಿದೆ. 1984ರಲ್ಲಿ ರಷ್ಯಾದ ನೌಕೆಯಲ್ಲಿ ಹೋದ ರಾಕೇಶ್ ಶರ್ಮಾ ಅವರ ಆಯ್ಕೆಗೆ ಪರೀಕ್ಷೆಗಳು ನಡೆದದ್ದು ಅಲ್ಲಿ. 2019ರಲ್ಲಿ ಗಗನಯಾನಕ್ಕೆ ಪೈಲಟ್‌ಗಳನ್ನು ಆರಿಸುವಾಗಲೂ ಅಲ್ಲೇ ಪರೀಕ್ಷಿಸಿದರು. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೀರಿ. ಅದೇ ವಿಮಾನಪುರದಲ್ಲಿ ಉಪಗ್ರಹ ಕಟ್ಟುವ ಇಸ್ರೋ ಕೇಂದ್ರವೂ ಇದೆ. ನಮ್ಮ ತಂದೆಯವರ ಕಾಲದಲ್ಲಿ ಹಾಲಿನವರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು, ಟಿನ್ ಫ್ಯಾಕ್ಟರಿ ದಾಟಿ, ಹಳೇ ಮದ್ರಾಸ್ ರಸ್ತೆಯಲ್ಲಿ ಇಂದಿರಾನಗರ, ಹಲಸೂರಿನ ಮನೆಮನೆಗೆ ಹಾಲು ಹಾಕಿ ಬರುತ್ತಿದ್ದರು. ತರಕಾರಿಯವರು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹೆಚ್.ಎ.ಎಲ್. ವಿಮಾನಗಳು ತಲೆಯ ಮೇಲೇ ಹಾರುತ್ತಿದ್ದವು. ಆದ್ದರಿಂದ ಆಕಾಶದ ವಿಷಯ ನಮಗೆ ಸಂಬಂಧಪಟ್ಟದ್ದಲ್ಲ ಅನ್ನುವ ಹಾಗಿಲ್ಲ.

ಏಳು ಜನ

ಚಾಲೆಂಜರಿನಲ್ಲಿ ಹೊರಟವರು ಏಳು ಜನ. ನಾಯಕ ಫ್ರಾನ್ಸಿಸ್ ಸ್ಕೋಬೀ, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ಪೈಲಟ್ ಆದವರು. ಪೈಲಟ್ ಮೈಕೆಲ್ ಸ್ಮಿತ್. ಎಲೆಕ್ಟ್ರಿಕಲ್ ಇಂಜಿನಿಯರ್ ಜುಡಿತ್ ರೆಸ್ನಿಕ್, ಅಂತರಿಕ್ಷಕ್ಕೆ ಹೋದ ಅಮೆರಿಕದ ಎರಡನೇ ಮಹಿಳೆ. ಎಲಿಸನ್ ಒನಿಝುಕಾ, ಹವಾಯಿ ದ್ವೀಪದ ಕಾಫಿ ಬೆಳೆಯುವ ಸೀಮೆಯಲ್ಲಿ ಹುಟ್ಟಿದ ಜಪಾನಿ ಮೂಲದವರು. ರೊನಾಲ್ಡ್ ಮೆಕ್‌ನೇರ್, ಕಪ್ಪು ಜನಾಂಗದ ಭೌತ ವಿಜ್ಞಾನಿ, ಚಿಕ್ಕಂದಿನಲ್ಲಿ ಹತ್ತಿ ಬಿಡಿಸುವ, ಹೊಗೆಸೊಪ್ಪಿನ ಹೊಲದ ಕೆಲಸ ಮಾಡಿ ಮೇಲೆ ಬಂದವರು. ಗ್ರೆಗರಿ ಜಾರ್ವಿಸ್, ಒಂದು ಕಂಪನಿಯ ಇಂಜಿನಿಯರ್. ಏಳನೆಯವರು ನಮ್ಮ ಟೀಚರಮ್ಮ.

1986ರ ಜನವರಿ 22ಕ್ಕೆ ಗೊತ್ತಾಗಿದ್ದ ಪ್ರಯಾಣ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಮುಂದೆ ಹೋಯಿತು. 27ರಂದು ಎಲ್ಲರೂ ಹತ್ತಿ ಕೂತಿದ್ದರು. ಬಾಗಿಲಿನ ಹಿಡಿಯ ಒಂದು ಬೋಲ್ಟು ಬಿಚ್ಚಲು ಬರಲಿಲ್ಲ. ಕೊನೆಗೆ ಗರಗಸದಿಂದ ಕೊಯ್ದು ತೆಗೆಯುವಷ್ಟರಲ್ಲಿ ಅಡ್ಡಗಾಳಿ ಎದ್ದು ಆ ದಿನವೂ ನಿಂತುಹೋಯಿತು. ಟೀಚರೊಬ್ಬರು ಹೋಗುತ್ತಾರೆಂದು ದೇಶದ ಶಾಲೆಗಳೆಲ್ಲ ಟಿ.ವಿ. ಇಟ್ಟುಕೊಂಡು ಕಾಯುತ್ತಿದ್ದವು. ಮಾರನೆಯ ದಿನಕ್ಕೆ ಇಟ್ಟರು. ಆದರೆ ಆ ರಾತ್ರಿ ಫ್ಲಾರಿಡಾದಲ್ಲಿ ಎಂದೂ ಇಲ್ಲದ ಚಳಿ ಬೀಳುತ್ತದೆಂದು ಹವಾಮಾನದವರು ಹೇಳಿದ್ದರು.

ಹಿಂದಿನ ರಾತ್ರಿಯ ಸಭೆ

ಷಟಲ್ಲಿನ ಎರಡು ಪಕ್ಕದಲ್ಲಿ ಎರಡು ದೊಡ್ಡ ರಾಕೆಟ್ಟುಗಳಿರುತ್ತಿದ್ದವು. ಅವುಗಳನ್ನು ಬಾವಿಗೆ ಸಿಮೆಂಟ್ ರಿಂಗು ಜೋಡಿಸಿದ ಹಾಗೆ ತುಂಡು ತುಂಡಾಗಿ ಜೋಡಿಸುತ್ತಿದ್ದರು. ಜೋಡಿಸಿದ ಕಡೆ ಒಳಗಿನ ಬೆಂಕಿ, ಅನಿಲ ಹೊರಗೆ ಬರದ ಹಾಗೆ ರಬ್ಬರಿನ ಎರಡು ಉಂಗುರ ಹಾಕುತ್ತಿದ್ದರು. ನಮ್ಮ ಹಾಲಿನ ಕ್ಯಾನಿನ ಮುಚ್ಚಳಕ್ಕೆ, ಮನೆಯ ಕುಕ್ಕರಿಗೆ ಹಾಕುವ ರಬ್ಬರ್ ಇದೆಯಲ್ಲ, ಅದರ ಕೆಲಸವೇ ಇದರದ್ದೂ. ರಬ್ಬರ್ ಮೆತ್ತಗಿದ್ದರೆ ಸಂದು ಬಿಗಿಯಾಗಿ ಮುಚ್ಚುತ್ತದೆ. ಗಟ್ಟಿಯಾದರೆ ಸಂದು ಬಿಡುತ್ತದೆ. ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ ಅನ್ನುವುದು ಕೈಯಲ್ಲಿ ಹಿಡಿದವರಿಗೆಲ್ಲ ಗೊತ್ತು.

ಆ ರಾಕೆಟ್ಟು ಮಾಡುತ್ತಿದ್ದದ್ದು ಯೂಟಾ ರಾಜ್ಯದ ಥಿಯೊಕಾಲ್ ಎಂಬ ಕಂಪನಿ. ಹಿಂದಿನ ವರ್ಷ, 1985ರ ಜನವರಿಯಲ್ಲಿ, ಚಳಿಯಲ್ಲಿ ಹಾರಿಸಿದ ಒಂದು ಷಟಲ್ಲಿನ ಉಂಗುರಗಳನ್ನು ಆಮೇಲೆ ಬಿಚ್ಚಿ ನೋಡಿದಾಗ ಬಿಸಿ ಅನಿಲ ಮೊದಲ ಉಂಗುರವನ್ನು ದಾಟಿ ಮಸಿ ಹಿಡಿದಿತ್ತು. ಕಂಪನಿಯ ಇಂಜಿನಿಯರ್ ರೋಜರ್ ಬಾಯ್ಸ್‌ಜೋಲಿ ಅದನ್ನು ಕಂಡವರು. ಇದನ್ನು ಸರಿಪಡಿಸದಿದ್ದರೆ ಪ್ರಾಣಹಾನಿ ಆಗುತ್ತದೆಂದು 1985ರ ಜುಲೈನಲ್ಲೇ ಮೇಲಿನವರಿಗೆ ಕಾಗದ ಬರೆದಿದ್ದರು.

ಜನವರಿ 27ರ ರಾತ್ರಿ ಕಂಪನಿಯವರಿಗೂ ನಾಸಾದವರಿಗೂ ಫೋನಿನಲ್ಲಿ ಸಭೆ ನಡೆಯಿತು. ಉಷ್ಣಾಂಶ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬಾರದೆಂದು ಇಂಜಿನಿಯರುಗಳು ಲೆಕ್ಕ ಮುಂದಿಟ್ಟು ಹೇಳಿದರು. ನಾಸಾದ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಆಗಲೇ ಎಷ್ಟೋ ಸಲ ಮುಂದೆ ಹೋಗಿದೆ, ಇನ್ನೂ ಎಷ್ಟು ಕಾಯುವುದು ಎಂಬ ಧಾಟಿಯಲ್ಲಿ ಮಾತಾಡಿದರು. ಕಂಪನಿಯವರು ಸ್ವಲ್ಪ ಹೊತ್ತು ಫೋನು ಬಿಟ್ಟು ತಮ್ಮೊಳಗೇ ಮಾತಾಡಿಕೊಂಡರು. ಅಲ್ಲಿ ಕೊನೆಗೆ ತೀರ್ಮಾನ ಮಾಡಿದವರು ನಾಲ್ಕು ಜನ ಮೇಲಧಿಕಾರಿಗಳು. ಅವರಲ್ಲಿ ಹಿಂದೇಟು ಹಾಕುತ್ತಿದ್ದ ಒಬ್ಬರಿಗೆ, ಇಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಂಡು ಯೋಚಿಸು ಎಂದು ಮೇಲಿನವರು ಹೇಳಿದರಂತೆ. ರಬ್ಬರಿನ ಗುಣ ಬಲ್ಲ ಇಂಜಿನಿಯರುಗಳು ಅದೇ ಕೋಣೆಯಲ್ಲಿದ್ದರು. ಕೊನೆಯ ತೀರ್ಮಾನದಲ್ಲಿ ಅವರನ್ನು ಕೇಳಲಿಲ್ಲ. ಹಾರಿಸಬಹುದು ಎಂದು ಒಪ್ಪಿಗೆ ಹೋಯಿತು.

ಉಡಾವಣೆಯ ಸ್ಥಳದಲ್ಲಿದ್ದ ಕಂಪನಿಯ ಪ್ರತಿನಿಧಿ ಅಲನ್ ಮ್ಯಾಕ್‌ಡೊನಾಲ್ಡ್. ಒಪ್ಪಿಗೆ ಪತ್ರಕ್ಕೆ ರುಜು ಮಾಡಬೇಕಾದವರು ಅವರೇ. ನಾನು ರುಜು ಹಾಕುವುದಿಲ್ಲ ಅಂದುಬಿಟ್ಟರು. ಆಗ ಯೂಟಾದಲ್ಲಿದ್ದ ಅವರ ಮೇಲಧಿಕಾರಿ ರುಜು ಮಾಡಿ ಫ್ಯಾಕ್ಸ್ ಕಳಿಸಿದರು.

ಮಲಗಿ ನಿದ್ದೆ ಮಾಡುತ್ತಿದ್ದ ಆ ಏಳು ಜನಕ್ಕೆ ಈ ಸಭೆಯ ವಿಚಾರ ಯಾರೂ ತಿಳಿಸಲಿಲ್ಲ. ಪ್ರಾಣ ಯಾರದ್ದೋ ಅವರಿಗೇ ಸುದ್ದಿಯಿಲ್ಲ.

73 ಸೆಕೆಂಡು

ಜನವರಿ 28, ಮಂಗಳವಾರ. ಉಡಾವಣೆ ಕಟ್ಟೆಯಲ್ಲಿ ನೀರು ಹೆಪ್ಪುಗಟ್ಟಿ ಮಂಜುಗಡ್ಡೆ ಜೋತು ಬಿದ್ದಿತ್ತು. ನಮ್ಮಲ್ಲಿ ಸಂಕ್ರಾಂತಿಯ ಚಳಿಗೇ ಕರುಗಳಿಗೆ ಗೋಣಿಚೀಲ ಹೊದಿಸುತ್ತೇವೆ. ಅಲ್ಲಿ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದಿತ್ತು. ವಾಹನ ಹತ್ತುವ ಮುಂಚೆ ಅಲ್ಲಿಯ ಕೆಲಸಗಾರರೊಬ್ಬರು ಕ್ರಿಸ್ಟಾಗೆ ಒಂದು ಸೇಬು ಕೊಟ್ಟರು. ಟೀಚರಿಗೆ ಮಕ್ಕಳು ಸೇಬು ಕೊಡುವುದು ಆ ದೇಶದ ಪದ್ಧತಿ. ಬಂದ ಮೇಲೆ ತಿನ್ನುತ್ತೇನೆ, ಎತ್ತಿಡಿ ಎಂದು ಹೇಳಿ ಆಕೆ ನಗುತ್ತಾ ಒಳಗೆ ಹೋದರು.

ಅಲ್ಲಿಯ ಗಡಿಯಾರದಲ್ಲಿ ಬೆಳಗ್ಗೆ 11 ಗಂಟೆ 38 ನಿಮಿಷಕ್ಕೆ, ಅಂದರೆ ನಮ್ಮಲ್ಲಿ ರಾತ್ರಿ 10 ಗಂಟೆ 8 ನಿಮಿಷಕ್ಕೆ, ಚಾಲೆಂಜರ್ ಮೇಲೆದ್ದಿತು. ಆಗಿನ ಉಷ್ಣಾಂಶ 2 ಡಿಗ್ರಿ. ಬಲಗಡೆ ರಾಕೆಟ್ಟಿನ ಜೋಡಣೆಯಲ್ಲಿ ಏಳುವಾಗಲೇ ಕಪ್ಪು ಹೊಗೆ ಬಂದಿತ್ತು. ಅದು ಆಮೇಲೆ ಚಿತ್ರಗಳನ್ನು ನೋಡಿದಾಗ ತಿಳಿದದ್ದು. ರಬ್ಬರ್ ಗಟ್ಟಿಯಾಗಿ ಸಂದು ಬಿಟ್ಟಿತ್ತು. ಅಲ್ಲಿಂದ ಬೆಂಕಿ ಹೊರಗೆ ಬಂದು ಪಕ್ಕದ ದೊಡ್ಡ ಇಂಧನ ಟ್ಯಾಂಕನ್ನು ಸುಟ್ಟಿತು. 73ನೇ ಸೆಕೆಂಡಿಗೆ, ಸುಮಾರು 14 ಕಿಲೋಮೀಟರ್ ಎತ್ತರದಲ್ಲಿ, ಟ್ಯಾಂಕು ಒಡೆದು ವಾಹನ ಛಿದ್ರವಾಯಿತು. ಏಳು ಜನರಿದ್ದ ಕೋಣೆ ಸಮುದ್ರಕ್ಕೆ ಬಿತ್ತು. ತಪ್ಪಿಸಿಕೊಳ್ಳುವ ಯಾವ ವ್ಯವಸ್ಥೆಯೂ ಅದರಲ್ಲಿರಲಿಲ್ಲ.

ಕ್ರಿಸ್ಟಾ ಅವರ ತಂದೆ ತಾಯಿ, ಗಂಡ, ಮಕ್ಕಳು, ಮಗನ ಕ್ಲಾಸಿನ ಹುಡುಗರು ಎಲ್ಲರೂ ಅಲ್ಲೇ ನಿಂತು ನೋಡುತ್ತಿದ್ದರು. ಕಾಂಕರ್ಡ್ ಹೈಸ್ಕೂಲಿನ ಮಕ್ಕಳು ಪೀಪಿ ಊದಿ, ಕೈ ತಟ್ಟಿ ಟಿ.ವಿ. ನೋಡುತ್ತಿದ್ದರು. ಆ ಸದ್ದು ನಿಂತುಹೋಯಿತು. ಕೆಲವು ಕ್ಷಣ ಯಾರಿಗೂ ಏನಾಯಿತೆಂದೇ ತಿಳಿಯಲಿಲ್ಲ. ಆಕೆಗೆ ಆಗ 37 ವರ್ಷ.

ತನಿಖೆಯಲ್ಲಿ ತಿಳಿದದ್ದು

ಅಧ್ಯಕ್ಷರು ಒಂದು ತನಿಖಾ ಆಯೋಗ ನೇಮಿಸಿದರು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅದರಲ್ಲಿದ್ದರು. ರಿಚರ್ಡ್ ಫೈನ್‌ಮನ್ ಎಂಬ ದೊಡ್ಡ ವಿಜ್ಞಾನಿಯೂ ಇದ್ದರು. ಫೆಬ್ರವರಿ ತಿಂಗಳ ಒಂದು ಬಹಿರಂಗ ವಿಚಾರಣೆಯಲ್ಲಿ ಫೈನ್‌ಮನ್ ಅವರು ಅದೇ ರಬ್ಬರಿನ ಒಂದು ಚೂರನ್ನು ಇಕ್ಕಳದಲ್ಲಿ ಅದುಮಿ, ಕುಡಿಯಲು ಇಟ್ಟಿದ್ದ ಐಸ್ ನೀರಿನ ಲೋಟದಲ್ಲಿ ಮುಳುಗಿಸಿದರು. ಹೊರಗೆ ತೆಗೆದು ಇಕ್ಕಳ ಬಿಟ್ಟಾಗ ಅದು ಮೊದಲಿನ ಆಕಾರಕ್ಕೆ ತಟ್ಟನೆ ಬರಲಿಲ್ಲ. ಕೋಟಿಗಟ್ಟಲೆ ಡಾಲರಿನ ವಾಹನ ಯಾಕೆ ಒಡೆಯಿತು ಅಂತ ಒಂದು ಲೋಟ ನೀರಿನಲ್ಲಿ ತೋರಿಸಿಕೊಟ್ಟರು.

1986ರ ಜೂನ್‌ನಲ್ಲಿ ಆಯೋಗ ವರದಿ ಕೊಟ್ಟಿತು. ರಬ್ಬರಿನ ದೋಷದ ಜೊತೆಗೆ ತೀರ್ಮಾನ ಮಾಡಿದ ರೀತಿಯೂ ದೋಷದ್ದೇ ಎಂದು ವರದಿ ಹೇಳಿತು. ಸತ್ಯ ಹೇಳಿದ ಇಂಜಿನಿಯರುಗಳಿಗೆ ಹಾರ ತುರಾಯಿ ಏನೂ ಸಿಗಲಿಲ್ಲ. ಮ್ಯಾಕ್‌ಡೊನಾಲ್ಡ್ ಅವರನ್ನು ಕಂಪನಿ ಕೆಳಗಿನ ಕೆಲಸಕ್ಕೆ ಹಾಕಿತು. ಸಂಸತ್ತಿನವರು ಗದರಿದ ಮೇಲೆ ವಾಪಸು ಕರೆದು ರಾಕೆಟ್ಟಿನ ಜೋಡಣೆಯನ್ನು ಹೊಸದಾಗಿ ಮಾಡುವ ಕೆಲಸ ಒಪ್ಪಿಸಿದರು. ಬಾಯ್ಸ್‌ಜೋಲಿ ಜೊತೆಯವರ ಕೆಂಗಣ್ಣಿಗೆ ಗುರಿಯಾಗಿ ಕೆಲಸ ಬಿಟ್ಟರು. ಆಮೇಲೆ ಜೀವಮಾನವೆಲ್ಲ ಇಂಜಿನಿಯರಿಂಗ್ ಓದುವ ಹುಡುಗರಿಗೆ ಈ ಕಥೆ ಹೇಳುತ್ತಾ ತಿರುಗಿದರು.

ಷಟಲ್ ಪ್ರಯಾಣ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ನಿಂತಿತು. ನಮ್ಮ ಭಟ್ಟರ, ರಾಧಾಕೃಷ್ಣನ್ನರ ಪ್ರಯಾಣವೂ ರದ್ದಾಯಿತು. ಇನ್ಸಾಟ್-1ಸಿ 1988ರಲ್ಲಿ ಯುರೋಪಿನವರ ರಾಕೆಟ್ಟಿನಲ್ಲಿ ಹೋಯಿತು. ಆ ಸಭೆಯ ಒಂದು ತಪ್ಪು ಕರ್ನಾಟಕದವರೊಬ್ಬರ ಅವಕಾಶಕ್ಕೂ ಕಲ್ಲು ಹಾಕಿತು.

ಇಷ್ಟಾದರೂ ಪಾಠ ಪೂರ್ತಿ ಕಲಿಯಲಿಲ್ಲ ಎಂಬುದು ದುಃಖದ ಸಂಗತಿ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಎಂಬ ಇನ್ನೊಂದು ಷಟಲ್ ಒಡೆದು, ಹರಿಯಾಣದ ಕರ್ನಾಲಿನ ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಆ ಸಲವೂ ರೆಕ್ಕೆಗೆ ಪೆಟ್ಟು ಬಿದ್ದಿರಬಹುದು, ಫೋಟೋ ತೆಗೆಸಿ ನೋಡೋಣ ಎಂದು ಕೆಳಗಿನ ಇಂಜಿನಿಯರುಗಳು ಕೇಳಿದ್ದರು. ಮೇಲಿನವರು ಬೇಡ ಅಂದಿದ್ದರು.

ಉಳಿದುಕೊಂಡ ಪಾಠಗಳು

ಬದಲಿ ಟೀಚರಾಗಿದ್ದ ಬಾರ್ಬರಾ ಮಾರ್ಗನ್ ತಮ್ಮ ಊರಿಗೆ ವಾಪಸು ಹೋಗಿ ಮಕ್ಕಳಿಗೆ ಪಾಠ ಹೇಳುತ್ತಾ ಕಾದರು. 1998ರಲ್ಲಿ ನಾಸಾ ಅವರನ್ನು ಪೂರ್ಣಾವಧಿಯ ಗಗನಯಾತ್ರಿಯಾಗಿ ಆರಿಸಿತು. 2007ರ ಆಗಸ್ಟಿನಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ, ಅವರು ಅಂತರಿಕ್ಷಕ್ಕೆ ಹೋಗಿ ಅಲ್ಲಿಂದ ಮಕ್ಕಳ ಜೊತೆ ಮಾತಾಡಿದರು. 2018ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದ ಇಬ್ಬರು ಗಗನಯಾತ್ರಿಗಳು, ಅವರೂ ಹಿಂದೆ ಟೀಚರುಗಳೇ, ಕ್ರಿಸ್ಟಾ ಮಾಡಬೇಕೆಂದಿದ್ದ ಕೆಲವು ಪ್ರಯೋಗಗಳನ್ನು ಮಾಡಿ ಚಿತ್ರೀಕರಿಸಿದರು. ಕಾಂಕರ್ಡ್ ಊರಿನಲ್ಲಿ ಆಕೆಯ ಹೆಸರಿನ ತಾರಾಲಯ 1990ರಲ್ಲಿ ಪ್ರಾರಂಭವಾಯಿತು. 2024ರ ಸೆಪ್ಟೆಂಬರ್ 2ರಂದು, ಆಕೆಯ ಹುಟ್ಟುಹಬ್ಬದ ದಿನ, ಅಲ್ಲಿಯ ವಿಧಾನಸೌಧದ ಮುಂದೆ ಆಕೆಯ ಪ್ರತಿಮೆ ನಿಲ್ಲಿಸಿದರು.

ನಮ್ಮ ಸಂಘಕ್ಕೆ ಇದರಿಂದ ಏನು

ಸಾಮಾನ್ಯರ ಮಾತಿಗೂ ಬೆಲೆಯಿದೆ ಎಂದು ಜೀವನವಿಡೀ ಪಾಠ ಹೇಳಿದ ಟೀಚರಮ್ಮ ಆಕೆ. ಆಕೆಯ ಪ್ರಾಣ ಹೋದದ್ದು ಕೆಲಸ ಬಲ್ಲ ಸಾಮಾನ್ಯ ನೌಕರರ ಮಾತಿಗೆ ಸಭೆಯಲ್ಲಿ ಬೆಲೆ ಸಿಗದೆ ಹೋದದ್ದರಿಂದ. ಇದನ್ನು ಓದಿದಾಗಲೆಲ್ಲ ನಮಗೆ ನಮ್ಮ ಆಡಳಿತ ಮಂಡಳಿಯ ಸಭೆ ನೆನಪಾಗುತ್ತದೆ.

ಬೆಳಗಿನ ಹೊತ್ತು ಹಾಲು ಪರೀಕ್ಷಕರು ಒಂದು ಕ್ಯಾನು ತೋರಿಸಿ ಈ ಹಾಲು ಕೆಟ್ಟಿದೆ ಅಂದರು ಅಂತ ಇಟ್ಟುಕೊಳ್ಳಿ. ಆ ಹಾಲು ತಂದವರು ಊರಿನಲ್ಲಿ ದೊಡ್ಡವರಾಗಿರಬಹುದು, ನಿರ್ದೇಶಕರೇ ಆಗಿರಬಹುದು. ಲಾರಿ ಬರುವ ಹೊತ್ತಾಗಿರುತ್ತದೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಸುರಿದುಬಿಡಿ ಅಂತ ಹೇಳುವವರಿಗೆ ಬರವಿಲ್ಲ. ಆದರೆ ಆ ಒಂದು ಕ್ಯಾನು ಕೂಲರಿನಲ್ಲಿರುವ ಊರಿನ ಹಾಲನ್ನೆಲ್ಲ ಕೆಡಿಸುತ್ತದೆ. ನಷ್ಟ ಬೀಳುವುದು ಎರಡು ಲೀಟರ್ ಹಾಕಿ ಜೀವನ ನಡೆಸುವ ವಿಧವೆ ತಾಯಿಗೂ ಸೇರಿಸಿ. ಏಳು ಜನರಿಗೆ ಹೇಳದೆ ಅವರ ಪ್ರಾಣದ ತೀರ್ಮಾನ ಮಾಡಿದ ಹಾಗೆಯೇ ಇದೂ. ಪರೀಕ್ಷಕರ ಸಂಬಳ ಕಡಿಮೆ ಇರಬಹುದು. ಹಾಲಿನ ವಿಷಯದಲ್ಲಿ ಅವರ ಮಾತು ಅಧ್ಯಕ್ಷರ ಮಾತಿಗಿಂತ ದೊಡ್ಡದು.

ಅದೇ ರೀತಿ ನಡವಳಿ ಪುಸ್ತಕದಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದು ಬರೆಯುವುದು ಬಹಳ ಸಂಘಗಳಲ್ಲಿ ರೂಢಿ. ಒಬ್ಬರು ಬೇಡ ಅಂದಿದ್ದರೂ ಹಾಗೇ ಬರೆಯುತ್ತಾರೆ, ಯಾಕೆ ಸುಮ್ಮನೆ ಮನಸ್ತಾಪ ಅಂತ. ಬೇಡ ಅಂದವರ ಹೆಸರನ್ನೂ ಕಾರಣವನ್ನೂ ಒಂದು ಸಾಲು ಬರೆದಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಮ್ಯಾಕ್‌ಡೊನಾಲ್ಡ್ ರುಜು ಹಾಕದೆ ಇದ್ದದ್ದಕ್ಕೇ ಮುಂದೆ ಸತ್ಯ ಹೊರಬರಲು ದಾರಿಯಾಯಿತು. ಈ ಬೆಳ್ಳಿ ಹಬ್ಬದ ವರ್ಷದಿಂದ ನಮ್ಮ ಸಂಘದಲ್ಲಿ ಹೀಗೆ ಬರೆದಿಡುವ ಪದ್ಧತಿ ಆಗಲಿ ಎಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವು ಮಂಡಿಸಲಿದ್ದೇವೆ. ಸದಸ್ಯ ಬಾಂಧವರು ಯೋಚಿಸಿ, ಸರಿಕಂಡರೆ ಬೆಂಬಲ ಕೊಡಬೇಕು. ಸರಿ ಕಾಣದಿದ್ದರೆ ಎದ್ದು ನಿಂತು ಬೇಡ ಅನ್ನಬೇಕು. ಅದನ್ನೂ ಬರೆದುಕೊಳ್ಳುತ್ತೇವೆ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಕ್ರಿಸ್ಟಾ ಅವರು ಶ್ರೀಮಂತರ ಮಗಳಲ್ಲ, ರಾಜಕಾರಣಿಯಲ್ಲ. ಸಣ್ಣ ಊರಿನ ಹೈಸ್ಕೂಲು ಟೀಚರು. ನಿಮಗೆ ದಿನವೂ ಪಾಠ ಹೇಳುವ ಟೀಚರಮ್ಮನೂ ಅಂಥವರೇ. ಅವರನ್ನು ಗೌರವದಿಂದ ಕಾಣಿರಿ. ನಿಮ್ಮ ಅಜ್ಜಿ ತಾತಂದಿರು ಹೇಳುವ ಊರಿನ ಹಳೆಯ ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆರೆ ಕೋಡಿ ಬಿದ್ದದ್ದು, ಸೈಕಲ್ಲಿನಲ್ಲಿ ಹಾಲು ಹಾಕಿದ್ದು, ಹೊಲಗಳು ಲೇಔಟು ಆದದ್ದು ಎಲ್ಲವೂ ಇತಿಹಾಸವೇ. ಸಂಘದ ಸುವರ್ಣ ಮಹೋತ್ಸವದ ಸಂಚಿಕೆ ಬರುವ ಹೊತ್ತಿಗೆ ಅದನ್ನು ಬರೆಯಬೇಕಾದವರು ನೀವು.

ಸಂಘಕ್ಕೂ ಸದಸ್ಯರಿಗೂ ದನಕರುಗಳಿಗೂ ಒಳ್ಳೆಯದಾಗಲಿ. ಜೈ ಸಹಕಾರ.